ರಾಯಚೂರಿಗೆ ಎಂಥ ಮೃಗಾಲಯ ಬೇಕು?

ಜಿಲ್ಲಾ ಕೇಂದ್ರವೆಂದ ಮೇಲೆ ಅಲ್ಲೊಂದು ವಿಶ್ವವಿದ್ಯಾಲಯ, ಒಂದು ವಿಮಾನ ನಿಲ್ದಾಣ, ಒಂದು ಮೃಗಾಲಯ ಇರಲೇಬೇಕೆಂಬ ಹಂಬಲ ಇಂದಿನ ಊರುಗಳಿಗೆ ಸಹಜವಾಗಿದೆ. ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತದಲ್ಲಿ ಮೈಸೂರು, ಬನ್ನೇರುಘಟ್ಟಗಳಲ್ಲದೆ ಶಿವಮೊಗ್ಗದ ತ್ಯಾವರೆಕೊಪ್ಪ, ಗದಗಿನ ಬಿಂಕದಕಟ್ಟಿ, ದಾವಣಗೆರೆಯ ಆನಗೋಡು, ಚಿತ್ರದುರ್ಗದ ಆಡುಮಲ್ಲೇಶ್ವರ, ಬೆಳಗಾವಿಯ ಭೂತರಾಮನಹಟ್ಟಿ, ಕಲಬುರಗಿ, ಹಂಪಿ ಸಮೀಪದ ಕಮಲಾಪುರ ಇವೆಲ್ಲ ಇವೆ. ರಾಯಚೂರು ಆ ಸಾಲಿನಲ್ಲಿಲ್ಲ. ಅಲ್ಲಿಯ ಶಾಲಾಮಕ್ಕಳು ಹುಲಿಯನ್ನು ಕಣ್ಣಾರೆ ಕಾಣಬೇಕಾದರೆ ಪ್ರವಾಸದ ಬಸ್ಸು ಹತ್ತಿ ಹೈದರಾಬಾದಿಗೋ ಕಮಲಾಪುರಕ್ಕೋ ಹೋಗಬೇಕು. ಮೈಸೂರಾದರೆ ಒಂದು ರಾತ್ರಿಯ ದಾರಿ. ಹೀಗಿರುವಾಗ ರಾಯಚೂರಿಗೂ ಒಂದು ಮೃಗಾಲಯ ಬೇಕೆಂದು ಯಾರಾದರೂ ಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೃಗಾಲಯವೆಂಬುದು ಏತಕ್ಕಾಗಿ ಇದೆ ಎಂಬ ಪ್ರಶ್ನೆಗೆ ಉತ್ತರ ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಬದಲಾದ ಉತ್ತರವನ್ನು ಕೇಳಿಸಿಕೊಳ್ಳದೆ ಹಳೆಯ ಉತ್ತರದ ಮೇಲೆ ಹೊಸ ಕಟ್ಟಡ ಎಬ್ಬಿಸುವುದು ಮಾತ್ರ ತಪ್ಪು.

ಬಯಲುಸೀಮೆಯ ಒಂದು ನಗರದ ಮೃಗಾಲಯಕ್ಕೂ ಘಟ್ಟದ ಹಳ್ಳಿಗಳಿಗೂ ಏನು ಸಂಬಂಧವೆಂದು ಕೇಳುವವರಿರಬಹುದು. ಸಂಬಂಧ ಎರಡು ಬಗೆಯದು. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ ಹರಿದು ಕೊನೆಗೆ ಮಾನ್ವಿಯ ಸೀಮೆಯನ್ನು ತಣಿಸುತ್ತವೆ. ಮಲೆನಾಡಿನಲ್ಲಿ ನದಿಗೆ ಆದದ್ದೆಲ್ಲ ಅಲ್ಲಿಯ ನೀರುನಾಯಿಗೂ ಮೊಸಳೆಗೂ ತಟ್ಟುತ್ತದೆ. ಇನ್ನೊಂದು, ನಗರದ ಪಂಜರಗಳು ತುಂಬಿದ್ದೇ ಕಾಡಿನಿಂದ. ಅಘನಾಶಿನಿ, ಶರಾವತಿ ಕಣಿವೆಗಳ ಸಿಂಗಳೀಕವನ್ನು ಬಹುಮಂದಿ ಕನ್ನಡಿಗರು ಮೊದಲು ನೋಡಿದ್ದು ಮರದ ಮೇಲಲ್ಲ, ಕಂಬಿಯ ಹಿಂದೆ. ಆ ಕಣಿವೆಯಲ್ಲಿ ಅದಕ್ಕೊಂದು ಸಂರಕ್ಷಣಾ ಮೀಸಲು ಪ್ರದೇಶ ದೊರಕಿದ್ದು 2011ರಲ್ಲಿ. ಪಂಜರ ಮೊದಲು ಬಂತು, ಕಾಡಿಗೆ ರಕ್ಷಣೆ ಬಹಳ ತಡವಾಗಿ ಬಂತು.

ಪ್ರಾಣಿಗಳನ್ನು ಕೂಡಿಹಾಕುವ ಹವ್ಯಾಸ ಅರಮನೆಗಳದು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಟಿಪ್ಪು ಸುಲ್ತಾನ್ ಹುಲಿಗಳನ್ನು ಸಾಕಿದ್ದನು. 1799ರಲ್ಲಿ ಕೋಟೆ ಬಿದ್ದಾಗ ಅವುಗಳಿಗೆ ಉಣಿಸುವವರಿಲ್ಲವೆಂದು ಇಂಗ್ಲಿಷರು ಗುಂಡಿಟ್ಟು ಕೊಂದರು. ಒಡೆಯನೊಡನೆ ಮೃಗಗಳ ಕಾಲವೂ ಮುಗಿಯಿತು. ಯೂರೋಪಿನಲ್ಲೂ ಇದೇ ಕಥೆ: ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ತೋಟದಲ್ಲಿ 1752ರಲ್ಲಿ ತೊಡಗಿದ್ದು ಚಕ್ರವರ್ತಿಯ ಮನರಂಜನೆ, 1828ರಲ್ಲಿ ಲಂಡನ್ನಿನಲ್ಲಿ ತೆರೆದದ್ದು ವಿದ್ವಾಂಸರ ಅಧ್ಯಯನಕ್ಕೆಂದು, ಸಾಮಾನ್ಯ ಜನರಿಗೆ ಅದರ ಬಾಗಿಲು ತೆರೆದದ್ದು ಅನಂತರ. ಕಂಬಿಯ ಬದಲು ಕಂದಕವಿಟ್ಟು ಪ್ರಾಣಿಗಳನ್ನು ಬಯಲಿನಲ್ಲಿರುವಂತೆ ತೋರಿಸುವ ಪದ್ಧತಿಯನ್ನು ಹ್ಯಾಂಬರ್ಗಿನ ಹೇಗನ್‌ಬೆಕ್ 1907ರಲ್ಲಿ ಜನಪ್ರಿಯಗೊಳಿಸಿದನು. ಅವನ ಮೂಲ ಕಸುಬು ಕಾಡುಪ್ರಾಣಿಗಳ ವ್ಯಾಪಾರ ಎಂಬುದನ್ನು ಮರೆಯಬಾರದು. ಕಂದಕ ಬಂದದ್ದು ನೋಡುವವರ ಕಣ್ಣಿಗೆ ಹಿತವಾಗಲೆಂದು; ಪ್ರಾಣಿಗೂ ಸ್ವಲ್ಪ ಹಿತವಾಯಿತು, ಅಷ್ಟೇ.

ಮೈಸೂರಿನ ಮೃಗಾಲಯ ಈ ಇಡೀ ಚರಿತ್ರೆಯನ್ನು ಒಂದೇ ಆವರಣದಲ್ಲಿ ಹಾದುಬಂದಿದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಹತ್ತು ಎಕರೆಯ ಅರಮನೆ ತೋಟದಲ್ಲಿ ಅದನ್ನು ಸ್ಥಾಪಿಸಿದರು. ಜರ್ಮನಿಯ ಉದ್ಯಾನ ತಜ್ಞ ಕ್ರುಂಬಿಗಲ್ ಅದರ ತೋಟಗಳನ್ನು ರೂಪಿಸಿದರು. 1902ರಲ್ಲಿ ಸಾರ್ವಜನಿಕರಿಗೆ ಪ್ರವೇಶ ದೊರೆಯಿತು, 1909ರಲ್ಲಿ ಈಗಿನ ಹೆಸರು ಬಂತು. ಸ್ವಾತಂತ್ರ್ಯಾನಂತರ 1948ರಲ್ಲಿ ಅದು ಸೇರಿದ್ದು ಉದ್ಯಾನಗಳ ಇಲಾಖೆಗೆ. ಇದು ಸಣ್ಣ ಸಂಗತಿಯಲ್ಲ. ಗುಲಾಬಿ ಗಿಡ, ಕಾರಂಜಿ, ಹುಲಿ, ಜಿರಾಫೆ ಎಲ್ಲವೂ ತೋಟದ ಶೋಭೆಯ ವಸ್ತುಗಳೆಂದು ಸರ್ಕಾರ ಭಾವಿಸಿತ್ತೆಂಬುದಕ್ಕೆ ಅದೇ ಸಾಕ್ಷಿ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ 1972ರಲ್ಲೇ ಮೃಗಾಲಯ ಅರಣ್ಯ ಇಲಾಖೆಗೆ ಹಸ್ತಾಂತರವಾಯಿತು. 1979ರಲ್ಲಿ ಅದರ ನಿರ್ವಹಣೆಗೆಂದೇ ಸ್ವಾಯತ್ತ ಪ್ರಾಧಿಕಾರ ರಚಿತವಾಯಿತು. ಅರಸನ ಸೊತ್ತು ತೋಟದ ಅಲಂಕಾರವಾಗಿ, ಬಳಿಕ ಅರಣ್ಯದ ಒಂದು ಅಂಗವೆನಿಸಿಕೊಳ್ಳಲು ಎಂಬತ್ತು ವರ್ಷ ಹಿಡಿಯಿತು.

ರಾಯಚೂರಿನ ಪಾಲಿಗೆ ರಾಜಧಾನಿ ಮೈಸೂರಾಗಿರಲಿಲ್ಲ. 1956ರವರೆಗೆ ಅದು ಹೈದರಾಬಾದಿನ ಜಿಲ್ಲೆ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಸಾರ್ವಜನಿಕ ಉದ್ಯಾನ ಬಾಗ್-ಎ-ಆಮ್‌ನಲ್ಲಿ ಪ್ರಾಣಿಗಳಿದ್ದವು. ಅವನ್ನು ಮೀರ್ ಆಲಂ ಕೆರೆಯ ಬಳಿಯ ವಿಶಾಲ ನೆಲಕ್ಕೆ ಸಾಗಿಸಿ 1963ರ ಅಕ್ಟೋಬರಿನಲ್ಲಿ ನೆಹರೂ ಮೃಗಾಲಯವನ್ನು ತೆರೆಯಲಾಯಿತು. ಅಷ್ಟರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ಏಳು ವರ್ಷ ಕಳೆದಿತ್ತು. ಆದರೂ ರೈಲು ಮತ್ತು ನೆಂಟಸ್ತಿಕೆ ರಾಜ್ಯದ ಗಡಿಯನ್ನು ಕೇಳುವುದಿಲ್ಲವಾದ್ದರಿಂದ ದೋಆಬಿನ ಜನಕ್ಕೆ ‘ಮೃಗಾಲಯ’ ಎಂದರೆ ಇಂದಿಗೂ ಹೈದರಾಬಾದಿನದೇ ನೆನಪು.

ನಿಜವಾದ ತಿರುವು ಬಂದದ್ದು 1990ರ ದಶಕದಲ್ಲಿ. ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾಗಿ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಅಸ್ತಿತ್ವಕ್ಕೆ ಬಂತು. ಅಂದಿನಿಂದ ಅದರ ಮಾನ್ಯತೆಯಿಲ್ಲದೆ ಯಾವ ನಗರಸಭೆಯೂ ಉದ್ಯಾನದ ಮೂಲೆಯಲ್ಲಿ ಚಿರತೆಯನ್ನು ಕಟ್ಟಿಹಾಕುವಂತಿಲ್ಲ. 1998ರ ರಾಷ್ಟ್ರೀಯ ಮೃಗಾಲಯ ನೀತಿ ವನ್ಯಜೀವಿ ಸಂರಕ್ಷಣೆಗೆ ನೆರವಾಗುವುದೇ ಮೃಗಾಲಯಗಳ ಮುಖ್ಯ ಗುರಿಯೆಂದು ಹೇಳಿತು. ಮನರಂಜನೆ ಹಿಂದಕ್ಕೆ ಸರಿಯಿತು. ಅದೇ ವರ್ಷ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು, 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸರ್ಕಸ್ಸಿನ ಸಿಂಹಗಳಿಗೂ ಕಲಂದರರು ಕುಣಿಸುತ್ತಿದ್ದ ಕರಡಿಗಳಿಗೂ ಬನ್ನೇರುಘಟ್ಟದಲ್ಲಿ ಆಸರೆ ಕಲ್ಪಿಸಬೇಕಾಯಿತು. ಆನೆಗಳನ್ನು ಮೃಗಾಲಯದಲ್ಲಿ ಪ್ರದರ್ಶನಕ್ಕೆ ಇಡಕೂಡದೆಂದು 2009ರಲ್ಲಿ ಕೇಂದ್ರ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. ಒಟ್ಟಿನಲ್ಲಿ ಕಾಗದದ ಮೇಲೆ ಮೃಗಾಲಯದ ಅರ್ಥವೇ ತಿರುವುಮುರುವಾಯಿತು: ಜನರಿಗಾಗಿ ಪ್ರಾಣಿ ಎಂಬುದು ಹೋಗಿ ಪ್ರಾಣಿಗಾಗಿ ಜನ ಎಂಬುದು ಬಂತು.

ಕಾಗದ ಬದಲಾದರೂ ಗಲ್ಲಾಪೆಟ್ಟಿಗೆ ಬದಲಾಗಲಿಲ್ಲ. ಮೃಗಾಲಯಗಳ ಮೇವು, ಮಾಂಸ, ಪಾಲಕರ ಸಂಬಳಗಳು ಬಹುಪಾಲು ಇಂದಿಗೂ ಟಿಕೆಟ್ಟಿನ ಹಣದಿಂದಲೇ ನಡೆಯುತ್ತವೆ. 2020ರ ಮಾರ್ಚಿನಲ್ಲಿ ಮೈಸೂರಿನ ಬಾಗಿಲು ಮುಚ್ಚಿ ಜೂನ್‌ವರೆಗೆ ತೆರೆಯಲಿಲ್ಲ. ಆಗ ಪ್ರಾಣಿಗಳ ಆಹಾರಕ್ಕೆ ದಾನಿಗಳ ಮುಂದೆ ಕೈಚಾಚಬೇಕಾಯಿತು, ದತ್ತು ಯೋಜನೆಯ ಹಣ ಆಧಾರವಾಯಿತು. 1799ರ ಶ್ರೀರಂಗಪಟ್ಟಣದ ಪ್ರಶ್ನೆಯೇ ಅಲ್ಲಿ ಬೇರೊಂದು ವೇಷದಲ್ಲಿ ಎದುರಾಗಿತ್ತು: ಒಡೆಯ ಇಲ್ಲದಾದರೆ ಮೃಗಕ್ಕೆ ಉಣಿಸುವವರು ಯಾರು? ಈಗಿನ ಒಡೆಯ ಟಿಕೆಟ್ಟು ಕೊಳ್ಳುವ ಪ್ರೇಕ್ಷಕ. ಪ್ರೇಕ್ಷಕನಿಗೆ ಗೊರಿಲ್ಲ ಬೇಕು, ಬಿಳಿ ಹುಲಿ ಬೇಕು, ಜಿರಾಫೆ ಬೇಕು. 2021ರಲ್ಲಿ ಜರ್ಮನಿಯಿಂದ ಮೈಸೂರಿಗೆ ಎರಡು ಗೊರಿಲ್ಲಗಳು ಬಂದಾಗ ಆದ ಸಂಭ್ರಮವನ್ನು ದಖ್ಖನಿನ ತೋಳಕ್ಕೆ ಯಾರೂ ತೋರಿಸಿದ್ದಿಲ್ಲ. ತೋಳ ನಾಯಿಯಂತೆ ಕಾಣುತ್ತದೆಂದು ಜನ ಮುಂದೆ ಹೋಗಿಬಿಡುತ್ತಾರೆ.

ಹಾಗೆಂದು ಮೃಗಾಲಯಗಳ ಸೇವೆಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಮಲೆನಾಡಿಗರಿಗೆ ಪರಿಚಿತವಾದ ಬರಿಂಕವನ್ನು, ಮೊಲದಷ್ಟೇ ಗಾತ್ರದ ಆ ಪುಟ್ಟ ಗೊರಸಿನ ಪ್ರಾಣಿಯನ್ನು, ಹೈದರಾಬಾದಿನ ನೆಹರೂ ಮೃಗಾಲಯವು ವಿಜ್ಞಾನಿಗಳ ನೆರವಿನಿಂದ ಪೋಷಿಸಿ ಮರಿಮಾಡಿಸಿ ಕೃಷ್ಣೆಯ ಕೆಳಹರಿವಿನ ಅಮ್ರಾಬಾದ್ ಕಾಡಿಗೆ ಬಿಟ್ಟಿದೆ. ಬಿಡಲು ಅಲ್ಲಿ ಕಾಡು ಉಳಿದಿತ್ತು, ಆದ್ದರಿಂದ ಬಿಟ್ಟದ್ದು ಸಾರ್ಥಕವಾಯಿತು. ಮೊಸಳೆಯ ಕಥೆ ಬೇರೆ. 1975ರಲ್ಲಿ ಭಾರತ ಸರ್ಕಾರ ವಿಶ್ವಸಂಸ್ಥೆಯ ನೆರವಿನಿಂದ ಮೊಸಳೆ ಯೋಜನೆಯನ್ನು ಆರಂಭಿಸಿತು. ಮರುವರ್ಷ ರೊಮುಲಸ್ ವಿಟೇಕರ್ ಮದರಾಸಿನ ಬಳಿ ಮೊಸಳೆ ಬ್ಯಾಂಕನ್ನು ಸ್ಥಾಪಿಸಿದರು. ಮೊಟ್ಟೆಗಳನ್ನು ತಂದು ಮರಿಮಾಡಿಸುವ ವಿದ್ಯೆ ಎಷ್ಟು ಚೆನ್ನಾಗಿ ಕೈಗೂಡಿತೆಂದರೆ, 1990ರ ದಶಕದ ವೇಳೆಗೆ ಕೊಳಗಳು ತುಂಬಿ ತುಳುಕಿ ಮರಿಮಾಡಿಸುವುದನ್ನೇ ನಿಲ್ಲಿಸಬೇಕಾಯಿತು. ಮೊಸಳೆಗೆ ಕೊರತೆಯಿರಲಿಲ್ಲ, ಅದನ್ನು ಬಿಡಬಹುದಾದ ನದಿಗೆ ಕೊರತೆಯಿತ್ತು.

ಎರೆಭೂತದ ಪಾಡು ಇನ್ನೂ ಕಠೋರ. ಎರೆಮಣ್ಣಿನ ಹೊಲ ಮತ್ತು ಹುಲ್ಲುಬಯಲುಗಳಲ್ಲಿ ಬಾಳುವ ಈ ಭಾರಿ ಹಕ್ಕಿ ರಾಣೆಬೆನ್ನೂರಿನ ಬಯಲಿನಲ್ಲಿತ್ತು. ಅಲ್ಲಿ ಅರಣ್ಯವೃದ್ಧಿಯೆಂದು ನೀಲಗಿರಿ ನೆಟ್ಟರು. ಮರಗಳೆದ್ದವು, ಹಕ್ಕಿ ಕಾಣೆಯಾಯಿತು. ರಾಯಚೂರು ಜಿಲ್ಲೆಯ ಮಗ್ಗುಲಲ್ಲೇ, ತುಂಗಭದ್ರೆಯ ಆಚೆ ದಡದ ಸಿರುಗುಪ್ಪ ಸೀಮೆಯಲ್ಲಿ ಕೈಬೆರಳೆಣಿಕೆಯಷ್ಟು ಉಳಿದುಕೊಂಡವು. ದೇಶದಲ್ಲಿ ಈಗ ನೂರೈವತ್ತಕ್ಕೂ ಕಡಿಮೆ ಇರುವ ಈ ಹಕ್ಕಿಯನ್ನು ಉಳಿಸಲು 2019ರಿಂದ ಜೈಸಲ್ಮೇರಿನ ಬಳಿ ಮೊಟ್ಟೆಗಳನ್ನು ತಂದು ಮರಿಮಾಡಿಸಲಾಗುತ್ತಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿಯೊಂದು ಹುಟ್ಟಿತು. ಇಷ್ಟೆಲ್ಲ ಸಾಹಸದಿಂದ ಹುಟ್ಟಿದ ಮರಿಗಳನ್ನು ನಾಳೆ ಬಿಡುವುದೆಲ್ಲಿ? ಕರ್ನಾಟಕದ ಪಾಲಿನ ಉತ್ತರ ಇರಬೇಕಾದದ್ದು ದೋಆಬಿನ ಈ ಎರಡು ದಡಗಳಲ್ಲಿ.

ಈಗ ರಾಯಚೂರಿಗೆ ಬರೋಣ. ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಅದೊಂದು. ಅರಣ್ಯವಿಲ್ಲ ಎಂದೊಡನೆ ವನ್ಯಜೀವಿಯೂ ಇಲ್ಲವೆಂದು ಎಣಿಸುವುದು ಮಲೆನಾಡಿನವರ ಭ್ರಮೆ, ಅಧಿಕಾರಿಗಳ ಅನುಕೂಲ. ದೇವದುರ್ಗದ ಕಡೆ ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳಿವೆ. ಕಲ್ಲುಗುಡ್ಡಗಳ ಗವಿಗಳಲ್ಲಿ ಚಿರತೆ, ಕತ್ತೆಕಿರುಬಗಳಿಗೆ ನೆಲೆಯುಂಟು. ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಚಿರತೆ ಕಾಣಿಸಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬೀಳು ನೆಲದಲ್ಲಿ ಚಿಗರಿ, ನರಿ, ಕುರಿಹಿಂಡಿನ ಹಿಂದೆ ತೋಳ. ಈ ಸೀಮೆಯ ಕೆಂಗುರಿ ಕುರಿಗಳನ್ನು ಕಾಯುವ ಕುರಿಗಾಹಿಗಳು ತೋಳದೊಡನೆ ತಲೆಮಾರುಗಳಿಂದ ಜಗಳವಾಡುತ್ತಲೇ ಬಾಳಿದ್ದಾರೆ. ಆ ಜಗಳಕ್ಕೂ ಒಂದು ಮೇರೆಯಿತ್ತು.

ಮೇರೆ ತಪ್ಪಿದ್ದು ನೆಲ ಬದಲಾದಾಗ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೂ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೂ ನೀರು ತಂದವು. ಜೋಳ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ಬರಗಾಲದಲ್ಲಿ ಗುಳೆ ಹೋಗುತ್ತಿದ್ದ ಊರುಗಳಿಗೆ ನೀರು ಬಂದದ್ದನ್ನು ಯಾರೂ ದೂರಲಾರರು. ಆದರೆ ಉಳಿದ ಹುಲ್ಲುಬಯಲು ಕಂದಾಯ ದಾಖಲೆಗಳಲ್ಲಿ ‘ಬಂಜರು’ ಎಂದೇ ಮುಂದುವರಿಯಿತು. ಬಂಜರು ಎಂದು ಬರೆದ ನೆಲವನ್ನು ಯಾರಿಗಾದರೂ ಕೊಡಬಹುದು, ಯಾವುದಕ್ಕಾದರೂ ಕೊಡಬಹುದು. ಮಲೆನಾಡಿನಲ್ಲಿ ಕಾನು, ಬೆಟ್ಟ, ಹಾಡ್ಯಗಳ ಹೆಸರು ದಾಖಲೆಯಲ್ಲಿ ಬದಲಾದೊಡನೆ ಮರಗಳು ಹೇಗೆ ಉರುಳಿದವೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನದಿಯದೂ ಅದೇ ಗತಿ. ಮೊಸಳೆ ಬೇಸಗೆಯ ಹೊತ್ತಿಗೆ ದಡದ ಮರಳನ್ನು ತೋಡಿ ಮೊಟ್ಟೆಯಿಡುತ್ತದೆ. ನದಿ ರೀವ ಎಂಬ ಹಕ್ಕಿ ನಡುಗಡ್ಡೆಯ ಬರಿ ಮರಳಿನ ಮೇಲೆಯೇ ಮೊಟ್ಟೆಯಿಟ್ಟು ಕಾವು ಕೂರುತ್ತದೆ. ದಕ್ಷಿಣದ ನದಿಗಳಲ್ಲಿ ಮಾತ್ರ ಉಳಿದಿರುವ ಮೆದುಚಿಪ್ಪಿನ ಆಮೆಗೂ ಬೇಕಾದದ್ದು ದಡ. ನೀರು ಇಳಿದು ದಡ ತೆರೆದುಕೊಳ್ಳುವ ಅದೇ ತಿಂಗಳುಗಳಲ್ಲಿ ಟ್ರ್ಯಾಕ್ಟರು, ಲಾರಿಗಳೂ ಇಳಿಯುತ್ತವೆ. ದೇವದುರ್ಗ, ಮಾನ್ವಿಗಳ ಮರಳುದಂಧೆ ಎಷ್ಟು ಕ್ರೂರವಾದುದೆಂಬುದಕ್ಕೆ ಮೊಟ್ಟೆಗಳ ಲೆಕ್ಕ ಬೇಕಿಲ್ಲ: 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆಯನ್ನು ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿಯೊಬ್ಬರು ಲಾರಿಯ ಚಕ್ರಕ್ಕೆ ಸಿಕ್ಕಿ ಪ್ರಾಣ ತೆತ್ತರು. ಮನುಷ್ಯನ ಜೀವಕ್ಕೇ ಬೆಲೆಯಿಲ್ಲದ ದಡದಲ್ಲಿ ಆಮೆಯ ಮೊಟ್ಟೆಯನ್ನು ಕೇಳುವವರಾರು?

ಇಂಥ ಜಿಲ್ಲೆಯ ಕೇಂದ್ರದಲ್ಲಿ ಐದಾರು ಕೋಟಿ ಸುರಿದು, ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಹೊರಗಿನಿಂದ ತಂದ ಹುಲಿ ಸಿಂಹಗಳನ್ನು ಕೂರಿಸಿ, ಅವುಗಳಿಗೆ ನೀರು ಸಿಂಪಡಿಸುತ್ತ ಕೂರುವುದರಿಂದ ಆಗುವ ಪ್ರಯೋಜನ ಬಾಗಿಲಲ್ಲಿ ಐಸ್‌ಕ್ರೀಮು ಮಾರುವವರಿಗೆ ಬಿಟ್ಟರೆ ಬೇರೆಯವರಿಗಿಲ್ಲ. ನಗರದ ನಡುವೆ ಇಕ್ಕಟ್ಟಿನಲ್ಲಿದ್ದ ಬಳ್ಳಾರಿಯ ಚಿಕ್ಕ ಮೃಗಾಲಯವನ್ನೇ ಕಮಲಾಪುರದ ವಿಶಾಲ ನೆಲಕ್ಕೆ ಸಾಗಿಸಿದ ಮೇಲೆ, ಇನ್ನೊಂದು ನಗರ ಅದೇ ಹಳೆಯ ತಪ್ಪಿನಿಂದ ಆರಂಭಿಸಬೇಕಾದ ಅಗತ್ಯವೂ ಇಲ್ಲ.

ರಾಯಚೂರಿಗೆ ಬೇಕಾದದ್ದು ಕಾಡುಪ್ರಾಣಿಗಳ ಒಂದು ಆಸ್ಪತ್ರೆ. ಬಾವಿಗೆ ಬಿದ್ದ ಚಿರತೆ, ಉರುಳಿಗೆ ಸಿಕ್ಕ ತೋಳ, ಹೆದ್ದಾರಿಯಲ್ಲಿ ಕಾಲು ಮುರಿದುಕೊಂಡ ಚಿಗರಿ, ಕಾಲುವೆಗೆ ಹರಿದುಬಂದು ದಾರಿ ತಪ್ಪಿದ ಮೊಸಳೆ, ಗಾಳಿಪಟದ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದು ಇವು ಇಂದು ಸರಿಯಾದ ಚಿಕಿತ್ಸೆ ಪಡೆಯಬೇಕಾದರೆ ನೂರೈವತ್ತು ಕಿಲೋಮೀಟರಿನಷ್ಟು ಲಾರಿಯ ಮೇಲೆ ಕುಲುಕುತ್ತ ಹೋಗಬೇಕು. ಗಾಯಕ್ಕಿಂತ ಪ್ರಯಾಣವೇ ಅನೇಕ ಸಲ ಮಾರಕ. ಮೈಸೂರು ಮೃಗಾಲಯ ಕೂರ್ಗಳ್ಳಿಯಲ್ಲಿ ನಡೆಸುತ್ತಿರುವ ಪುನರ್ವಸತಿ ಕೇಂದ್ರ ಪ್ರೇಕ್ಷಕರಿಗೆ ತೆರೆದದ್ದಲ್ಲ. ಮೃಗಾಲಯದ ಬದಲಾದ ಉದ್ದೇಶಕ್ಕೆ ಗೊರಿಲ್ಲಗಳಿಗಿಂತ ಅದೇ ಹೆಚ್ಚು ನಿಜವಾದ ಸಾಕ್ಷಿ. ಅಂಥದ್ದರ ಒಂದು ಚಿಕ್ಕ ರೂಪ, ಇಬ್ಬರು ಪಶುವೈದ್ಯರು, ಒಂದು ವಾಹನ, ಕೆಲವು ಕೊಠಡಿಗಳು ರಾಯಚೂರಿನಲ್ಲಿ ಅಸಾಧ್ಯವೇನಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಕಲ್ಯಾಣ ಕರ್ನಾಟಕದಲ್ಲೇ, ಬೀದರಿನಲ್ಲಿದೆ. ಗುಣವಾದದ್ದನ್ನು ಹಿಡಿದಲ್ಲೇ ಬಿಡಬೇಕು. ಬಿಡಲಾಗದಷ್ಟು ಊನವಾದ ಕೆಲವನ್ನು ಮಾತ್ರ ಇರಿಸಿಕೊಂಡು ಮಕ್ಕಳಿಗೆ ತೋರಿಸಬಹುದು. ಕಾಲು ಮುರಿದ ತೋಳವೊಂದು ಅಲ್ಲೇಕೆ ಇದೆಯೆಂದು ಮಗುವೊಂದು ಕೇಳಿದರೆ ಹೇಳಲು ಒಂದು ನಿಜವಾದ ಕಥೆಯಾದರೂ ಇರುತ್ತದೆ.

ಇದು ಆ ನೆಲಕ್ಕೆ ಹೊರಗಿನಿಂದ ತಂದು ಹೊರಿಸುವ ವಿಚಾರವೂ ಅಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನವೇ ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂದು ಲೋಕಕ್ಕೆ ತಿಳಿಸಿತು. ಅದೇ ಅರಸನ ಬೇರೊಂದು ಬಂಡೆ ಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನೂ, ಔಷಧದ ಗಿಡಮೂಲಿಕೆಗಳು ಇಲ್ಲದೆಡೆ ತರಿಸಿ ನೆಡಿಸಿದ್ದನ್ನೂ ಹೇಳುತ್ತದೆ. ಮೃಗಗಳನ್ನು ಕೂಡಿಹಾಕಿದ ಅರಸರು ಬಹುಮಂದಿ. ಮದ್ದು ಹಾಕಿಸಿದವನ ಹೆಸರು ಕಲ್ಲಿನ ಮೇಲಿರುವುದು ಈ ಜಿಲ್ಲೆಯಲ್ಲಿ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಸಣ್ಣವಲ್ಲ. ಬಡವರ ಮಕ್ಕಳು ಆನೆ, ಹುಲಿಗಳನ್ನು ನೋಡುವುದು ಬೇಡವೇ ಎಂಬುದು ಮೊದಲನೆಯದು. ಬೇಕು. ಕಮಲಾಪುರಕ್ಕೆ ಸರ್ಕಾರಿ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕರೆದೊಯ್ಯುವ ಖರ್ಚು ಹೊಸ ಮೃಗಾಲಯದ ವಿದ್ಯುತ್ ಖರ್ಚಿಗಿಂತ ಹೆಚ್ಚಾಗಲಾರದು. ಆ ದಾರಿಯಲ್ಲೇ ದರೋಜಿಯ ಕರಡಿಧಾಮವಿದೆ. 1994ರಲ್ಲಿ ಘೋಷಿತವಾದ ಆ ಗುಡ್ಡಗಳಲ್ಲಿ ಸಂಜೆಯ ಹೊತ್ತು ಕರಡಿಗಳು ಬಂಡೆ ಇಳಿದು ಬರುವುದನ್ನು ಯಾವ ಕಂಬಿಯೂ ಇಲ್ಲದೆ ಕಾಣಬಹುದು.

ಎರಡನೆಯ ಆಕ್ಷೇಪ ರೈತನದು, ಕುರಿಗಾಹಿಯದು. ಬಿತ್ತಿದ ತೊಗರಿಯನ್ನು ಚಿಗರಿ ಮೇಯ್ದರೆ, ಒಂದೇ ರಾತ್ರಿ ತೋಳ ನಾಲ್ಕು ಕುರಿ ಕೊಂದರೆ ಆ ನಷ್ಟ ಯಾರದು? ಪರಿಹಾರದ ನಿಯಮಗಳಿವೆ, ಆದರೆ ಇಂದು ಈ ಊರು ನಾಳೆ ಆ ಊರು ಎಂದು ಹಿಂಡಿನೊಡನೆ ನಡೆಯುವವನು ಸತ್ತ ಕುರಿಯನ್ನು ಕಾಯುತ್ತ ವೈದ್ಯರ ಪ್ರಮಾಣಪತ್ರಕ್ಕೆ, ಅರಣ್ಯದವರ ಮಹಜರಿಗೆ ಎಷ್ಟು ದಿನ ಕೂರಬೇಕು? ತೋಳ ಉಳಿಯಬೇಕೆನ್ನುವವರು ಮೊದಲು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮವಾಗಿದೆ, 2025ರಲ್ಲಿ ಅಲ್ಲಿ ಮರಿಗಳು ಹುಟ್ಟಿದ ಸುದ್ದಿಯೂ ಬಂತು. ಆ ಮರಿಗಳು ಬೆಳೆದು ವನ್ಯಧಾಮದ ಬೇಲಿ ದಾಟಿ ದೋಆಬಿನ ಬಯಲಿಗೆ ಬಂದಾಗ ಅವುಗಳ ಬದುಕು ನಿಲ್ಲುವುದು ಕುರಿಗಾಹಿಯ ಮನಸ್ಸಿನ ಮೇಲೆ. ಹಾಗೆಯೇ ತುಂಗಭದ್ರೆಯಲ್ಲಿ 2015ರಲ್ಲಿ ಘೋಷಿತವಾದ ನೀರುನಾಯಿ ಸಂರಕ್ಷಣಾ ಮೀಸಲು ಕೊಪ್ಪಳ, ಬಳ್ಳಾರಿಗಳ ಪಾತ್ರದಲ್ಲೇ ನಿಂತುಬಿಡುತ್ತದೆ. ನದಿ ಮಾತ್ರ ಮಾನ್ವಿಯ ಕಡೆಗೆ ಹರಿಯುತ್ತಲೇ ಇದೆ, ನೀರುನಾಯಿಗೆ ಗಡಿಗಲ್ಲು ಓದಲು ಬಾರದು.

ಆದ್ದರಿಂದ ಜಿಲ್ಲಾಡಳಿತದ ಮುಂದೆ ಇಡಬೇಕಾದ ಬೇಡಿಕೆ ಚಿಕ್ಕದು. ಫೆಬ್ರವರಿಯಿಂದ ಜೂನ್‌ವರೆಗೆ, ಮೊಟ್ಟೆಯಿಟ್ಟು ಮರಿಯಾಗುವ ಕಾಲದಲ್ಲಿ, ದೇವದುರ್ಗದ ಕೃಷ್ಣಾದಡದಲ್ಲೂ ಮಾನ್ವಿಯ ತುಂಗಭದ್ರಾದಡದಲ್ಲೂ ಗುರುತಿಸಿದ ದಿಬ್ಬಗಳಿಗೆ ಒಂದು ಟ್ರ್ಯಾಕ್ಟರೂ ಇಳಿಯಕೂಡದು. ಕುರಿ ಸತ್ತ ವಾರದೊಳಗೆ ಹಣ ಹಟ್ಟಿಗೆ ತಲುಪಬೇಕು. ಹುಲ್ಲುಬಯಲಿನ ಸರ್ವೆ ನಂಬರುಗಳ ಮುಂದಿನ ‘ಬಂಜರು’ ಎಂಬ ಪದವನ್ನು ಹೊಡೆದುಹಾಕಿ ‘ಹುಲ್ಲುಗಾವಲು’ ಎಂದು ಬರೆಯಬೇಕು. ಆಸ್ಪತ್ರೆಗೆ ಊರಾಚೆ ಹತ್ತು ಎಕರೆ ಸಾಕು. 1892ರಲ್ಲಿ ಮೈಸೂರಿನ ಅರಸರು ಆರಂಭಿಸಿದ್ದೂ ಅಷ್ಟೇ ನೆಲದಲ್ಲಿ.